ನಾನ್ ಬಿಸಿಯಿದ್ದಾಗ ಮೆತ್ತಗೆ, ಹತ್ತು ನಿಮಿಷಕ್ಕೆ ಚಕ್ಕಳ. ತಪ್ಪು ಎಲ್ಲಿ?

ಬಸವನಹಳ್ಳಿ ಬಾಣಲೆ (ಚಿಕ್ಕಮಗಳೂರು):

ತಂದೂರ್ ಇಲ್ಲ, ಓವನ್ ಇಲ್ಲ, ಇರೋದು ಗ್ಯಾಸ್ ಒಲೆ ಮಾತ್ರ. ಮೂರು ಸಲ ನಾನ್ ಮಾಡಿದ್ದಾಯ್ತು, ಮೂರು ಸಲವೂ ಒಂದೇ ಕಥೆ. ತವಾದಿಂದ ಇಳಿಸಿದ ಕೂಡಲೇ ಪರವಾಗಿಲ್ಲ ಅನ್ಸುತ್ತೆ. ಗ್ರೇವಿ ಬಡಿಸಿ ಕೂರೋಷ್ಟರಲ್ಲಿ ಎರಡೂ ಕೈ ಹಾಕಿ ಎಳೀಬೇಕು.

ಹಾಕಿದ್ದು: ಮೈದಾ 2 ಕಪ್, ಮೊಸರು ಅರ್ಧ ಕಪ್ (ಮನೆಯಲ್ಲಿ ಹೆಪ್ಪು ಹಾಕಿದ್ದು, ಎರಡು ದಿನದ್ದು, ಹುಳಿ ಬಂದಿತ್ತು), ಹಾಲು 3 ದೊಡ್ಡ ಚಮಚ, ಅಡುಗೆ ಸೋಡಾ 1 ಟೀ ಚಮಚ, ಡ್ರೈ ಯೀಸ್ಟ್ 1 ಟೀ ಚಮಚ, ಸಕ್ಕರೆ 1 ಟೀ ಚಮಚ, ಉಪ್ಪು, ಎಣ್ಣೆ. ಯೀಸ್ಟನ್ನು ಹಾಗೇ ಮೈದಾಗೆ ಸೇರಿಸಿದೆ. ಚಪಾತಿ ಹದಕ್ಕೆ ನಾದಿ, ಒದ್ದೆ ಬಟ್ಟೆ ಮುಚ್ಚಿ ಒಂದು ಗಂಟೆ ಬಿಟ್ಟೆ. ಎರಡರಷ್ಟು ಉಬ್ಬಬೇಕು ಅಂತಾರೆ, ಕಾಲು ಭಾಗವೂ ಏರಿರಲಿಲ್ಲ. ಒಣ ಮೈದಾ ಉದುರಿಸಿ ಲಟ್ಟಿಸಿ, ನಾನ್‌ಸ್ಟಿಕ್ ತವಾದಲ್ಲಿ ಮಧ್ಯಮ ಉರಿಯಲ್ಲಿ ಒಂದೊಂದು ಬದಿ ಎರಡು ನಿಮಿಷ ಬೇಯಿಸಿದೆ. ಬಣ್ಣ ಹಳದಿ ಕಡೆಗೆ ತಿರುಗಿತ್ತು, ಬಾಯಲ್ಲಿ ಏನೋ ಸೋಪಿನ ರುಚಿ.

ಯೀಸ್ಟ್ ಜಾಸ್ತಿ ಹಾಕ್ಬೇಕಾ? ಸೋಡಾ ಜಾಸ್ತಿ ಹಾಕ್ಬೇಕಾ? ಮೈದಾ ಬ್ರ್ಯಾಂಡ್ ಬದಲಾಯಿಸ್ಬೇಕಾ?

---

ಕಣಕದ ಹದ (ಹಾಸನ):

ಮೂರೂ ಬೇಡ ಮೇಡಂ. ಮೊದಲು ನೀರಿನ ಲೆಕ್ಕ ನೋಡಿ, ಅರ್ಧ ಉತ್ತರ ಅಲ್ಲೇ ಇದೆ.

ಒಂದು ಕಪ್ ಮೈದಾ ಸುಮಾರು 130 ಗ್ರಾಂ ತೂಗುತ್ತೆ, ಎರಡು ಕಪ್ ಅಂದ್ರೆ 260. ಅರ್ಧ ಕಪ್ ಮೊಸರು 120 ಗ್ರಾಂ, ಅದರಲ್ಲಿ ನೀರು ನೂರಕ್ಕಿಂತ ಸ್ವಲ್ಪ ಮೇಲೆ. ಮೂರು ಚಮಚ ಹಾಲಿನಲ್ಲಿ ಒಂದು 40. ಎಲ್ಲ ಸೇರಿ 145 ಮಿಲಿ ದಾಟಲ್ಲ, ಅಂದ್ರೆ ಮೈದಾ ತೂಕದ ಶೇ. 55ರ ಆಸುಪಾಸು. ಅದು ಪೂರಿ ಹಿಟ್ಟಿನ ಲೆಕ್ಕ. ನಾನ್‌ಗೆ ಶೇ. 63ರಿಂದ 66 ಬೇಕು. ಚಪಾತಿ ಹಿಟ್ಟಿಗಿಂತ ಸಡಿಲ, ಒಬ್ಬಟ್ಟಿನ ಕಣಕಕ್ಕಿಂತ ಒಂದು ಕೈ ಬಿಗಿ. ಕಣಕ ಎತ್ತಿದ್ರೆ ಜೋತು ಬೀಳುತ್ತೆ ಅಲ್ವಾ, ನಾನ್ ಹಿಟ್ಟು ಅಷ್ಟಾಗಬಾರದು. ಆದ್ರೆ ಉಂಡೆ ಮಾಡಿ ಮಣೆ ಮೇಲೆ ಇಟ್ರೆ ಐದು ನಿಮಿಷದಲ್ಲಿ ತಾನೇ ಸ್ವಲ್ಪ ಅಗಲ ಆಗಬೇಕು. ಇಟ್ಟ ಹಾಗೇ ಗುಂಡಗೆ ಕೂತಿದ್ರೆ ಹಿಟ್ಟು ಬಿಗಿ ಅಂತಲೇ ಅರ್ಥ.

ಆರು ನಾನ್‌ಗೆ ಅಳತೆ ಹೀಗಿಟ್ಕೊಳ್ಳಿ:

ಮೈದಾ 300 ಗ್ರಾಂ
ಸಿಹಿ ಮೊಸರು 80 ಗ್ರಾಂ
ಉಗುರುಬೆಚ್ಚಗಿನ ನೀರು 125 ಮಿಲಿ (ಅರ್ಧಕ್ಕರ್ಧ ಹಾಲು ಹಾಕಿದ್ರೂ ಸರಿ, ಬಣ್ಣ ಬೇಗ ಬರುತ್ತೆ)
ಇನ್‌ಸ್ಟಂಟ್ ಯೀಸ್ಟ್ 3 ಗ್ರಾಂ, ಅಂದ್ರೆ ಮಟ್ಟಸ 1 ಟೀ ಚಮಚ
ಸಕ್ಕರೆ 2 ಟೀ ಚಮಚ
ಉಪ್ಪು 6 ಗ್ರಾಂ, ಮಟ್ಟಸ 1 ಟೀ ಚಮಚ
ಎಣ್ಣೆ ಅಥವಾ ಕರಗಿಸಿದ ತುಪ್ಪ 1 ದೊಡ್ಡ ಚಮಚ

ಅಡಿಗೆಮನೆ ತಕ್ಕಡಿ ಇದ್ರೆ ಅದನ್ನೇ ನಂಬಿ. ಮೈದಾನ ಕಪ್‌ಗೆ ಒತ್ತಿ ತುಂಬಿದ್ರೆ 150 ಗ್ರಾಂವರೆಗೂ ಹೋಗುತ್ತೆ, ಆಗ ನೀರು ಎಷ್ಟು ಹಾಕಿದ್ರೂ ಕಡಿಮೆಯೇ.

ಎಣ್ಣೆ ಬಿಟ್ಟು ಉಳಿದದ್ದೆಲ್ಲ ಕಲಸಿ, ಒಣ ಹಿಟ್ಟು ಕಾಣದ ಹಾಗಾದ ಮೇಲೆ ಮುಚ್ಚಿ 15 ನಿಮಿಷ ಬಿಡಿ. ಈ 15 ನಿಮಿಷ ಬಿಟ್ಟು ಮುಂದೆ ಹೋಗ್ಬೇಡಿ. ಮೈದಾ ಅಷ್ಟರಲ್ಲಿ ನೀರು ಕುಡಿದು ಅಂಟು ತಾನೇ ಕಟ್ಟಿಕೊಳ್ಳೋಕೆ ಶುರು ಮಾಡುತ್ತೆ, ನಾದೋ ಕೆಲಸ ಅರ್ಧ ಇಳಿಯುತ್ತೆ. ಆಮೇಲೆ ಎಣ್ಣೆ ಸೇರಿಸಿ 6ರಿಂದ 8 ನಿಮಿಷ ನಾದಿ. ಮೊದಲ ಎರಡು ನಿಮಿಷ ಕೈಗೆ, ಪಾತ್ರೆಗೆ, ಬಳೆಗೆ ಎಲ್ಲಾ ಕಡೆ ಅಂಟುತ್ತೆ. ಅಲ್ಲೇ ಎಲ್ಲರೂ ಒಂದು ಹಿಡಿ ಮೈದಾ ಉದುರಿಸಿ ಕೆಲಸ ಕೆಡಿಸೋದು. ಮೈದಾ ಮುಟ್ಟಬೇಡಿ, ಕೈಗೆ ನಾಲ್ಕು ಹನಿ ಎಣ್ಣೆ ಸವರಿಕೊಂಡು ಮುಂದುವರಿಸಿ. ಚಿಕ್ಕ ತುಂಡು ಕಿತ್ತು ಎರಡು ಕೈ ಬೆರಳಲ್ಲಿ ಮೆಲ್ಲಗೆ ಅಗಲಿಸಿದ್ರೆ ಹರಿಯದೆ ತೆಳ್ಳಗಾಗಿ ಆ ಕಡೆ ಬೆಳಕು ಕಾಣಬೇಕು. ಅಲ್ಲಿಗೆ ನಾದೋದು ಮುಗೀತು.

ಮೊಸರಿನ ವಿಷಯ. ನೀವು ಹಾಕಿದ್ದು ಮೈದಾದ ಸುಮಾರು ಅರ್ಧ ತೂಕ, ಅದೂ ಹುಳಿ ಮೊಸರು. ಸ್ವಲ್ಪ ಹುಳಿ ಇದ್ರೆ ನಾನ್ ಮೃದು ಆಗುತ್ತೆ ಅನ್ನೋದು ನಿಜ. ಹುಳಿ ಮಿತಿ ಮೀರಿದ್ರೆ ಅಂಟಿನ ಎಳೆಗಳು ಸಡಿಲಗೊಂಡು ಹಿಟ್ಟು ಗಾಳಿ ಹಿಡಿಯಲ್ಲ, ಎಳೆದ್ರೆ ಹರಿದುಹೋಗುತ್ತೆ. ಮೈದಾದ ಕಾಲು ಭಾಗ ಮೊಸರು ಸಾಕು, ಅದೂ ಆ ದಿನದ ಮೊಸರು. ನಂದಿನಿ ಪ್ಯಾಕೆಟ್ ಮೊಸರು ಹೊಸದಾಗಿ ಒಡೆದದ್ದಾದ್ರೆ ಧಾರಾಳವಾಗಿ ನಡೆಯುತ್ತೆ. ಎರಡು ದಿನದ್ದು ಮಜ್ಜಿಗೆಹುಳಿಗೆ ಇರಲಿ.

ಸೋಪಿನ ರುಚಿ, ಹಳದಿ ಬಣ್ಣ ಎರಡೂ ಸೋಡಾದ್ದು. ಮೊಸರಿನ ಹುಳಿ ಎಷ್ಟು ಸೋಡಾನ ತಿನ್ನುತ್ತೋ ಅಷ್ಟು ಗಾಳಿಯಾಗುತ್ತೆ, ಮಿಕ್ಕಿದ್ದು ಕ್ಷಾರವಾಗಿ ಹಿಟ್ಟಲ್ಲೇ ಉಳಿಯುತ್ತೆ. ಯೀಸ್ಟ್ ಹಾಕಿದ ನಾನ್‌ಗೆ ಸೋಡಾ ಬೇಕೇ ಇಲ್ಲ. ಹಾಕಲೇಬೇಕು ಅಂದ್ರೆ ಕಾಲು ಟೀ ಚಮಚ, ಮೇಲೆ ಬೇಡ.

ಬೇಯಿಸೋ ವಿಷಯ ಬೇರೆಯವರು ಹೇಳ್ತಾರೆ, ಅದರಲ್ಲೂ ದೊಡ್ಡ ತಪ್ಪಿದೆ.

---

ಮಂಜರಾಬಾದ್ ಮಳೆ (ಸಕಲೇಶಪುರ):

ಉಬ್ಬದೇ ಇದ್ದದ್ದಕ್ಕೆ ಎರಡು ಕಾರಣ ಇರಬಹುದು, ಎರಡನ್ನೂ ಬೇರೆ ಬೇರೆಯಾಗಿ ನೋಡಿ.

ಒಂದು, ಯೀಸ್ಟ್ ಯಾವುದು ಅನ್ನೋದು. ಸಣ್ಣ ರವೆ ಥರ ನುಣ್ಣಗಿದ್ರೆ ಇನ್‌ಸ್ಟಂಟ್, ಅದನ್ನ ನೇರ ಮೈದಾಗೆ ಹಾಕಬಹುದು. ಸಾಸಿವೆಯಷ್ಟು ದಪ್ಪ ಕಾಳಿದ್ರೆ ಅದು ಆಕ್ಟಿವ್ ಡ್ರೈ ಯೀಸ್ಟ್, ಮೊದಲು ನೆನೆಸಲೇಬೇಕು. ಅರ್ಧ ಟೀ ಚಮಚ ಸಕ್ಕರೆ, ಕಾಲು ಕಪ್ ಬೆಚ್ಚಗಿನ ನೀರು, 1 ಟೀ ಚಮಚ ಯೀಸ್ಟ್. ನೀರು 38ರಿಂದ 43 ಡಿಗ್ರಿ ಇರಲಿ. ಥರ್ಮಾಮೀಟರ್ ಇಲ್ಲದಿದ್ರೆ ಮಗುವಿಗೆ ಸ್ನಾನ ಮಾಡಿಸೋ ನೀರಿನ ಬಿಸಿ ಅಂದ್ಕೊಳ್ಳಿ. ಹತ್ತು ನಿಮಿಷದಲ್ಲಿ ಮೇಲೆ ಬಿಯರ್ ಥರ ನೊರೆ ಕಟ್ಟಬೇಕು. ಬರೀ ಕಂದು ನೀರು ನಿಂತಿದ್ರೆ ಯೀಸ್ಟ್ ಸತ್ತಿದೆ, ಮೈದಾ ದಂಡ ಮಾಡ್ಬೇಡಿ. ನೆನೆಸಿದ ಕಾಲು ಕಪ್ ನೀರನ್ನ ಮೇಲೆ ಹೇಳಿದ 125 ಮಿಲಿಯಲ್ಲಿ ಕಳೀಬೇಕು, ಮರೀಬೇಡಿ. ಒಡೆದ ಪ್ಯಾಕೆಟ್ಟನ್ನ ಕ್ಲಿಪ್ ಹಾಕಿ ಸಾಂಬಾರ್ ಪುಡಿ ಪಕ್ಕ ಇಟ್ರೆ ನಮ್ಮ ಕಡೆ ಮಳೆಗಾಲದಲ್ಲಿ ಬಾಳಲ್ಲ. ಚಿಕ್ಕ ಗಾಜಿನ ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಿ ಫ್ರೀಜರ್‌ನಲ್ಲಿಡಿ.

ಎರಡು, ಚಳಿ. ಚಿಕ್ಕಮಗಳೂರು ಇರೋದೇ ಸಾವಿರ ಮೀಟರ್‌ಗಿಂತ ಎತ್ತರದಲ್ಲಿ. ಜುಲೈ ಮಳೆಯಲ್ಲಿ ಅಡಿಗೆಮನೆ ಹಗಲಲ್ಲೂ 20–21 ಡಿಗ್ರಿ ಇರುತ್ತೆ. "ಒಂದು ಗಂಟೆ" ಅಂತ ಬರೆಯೋರು 28–30 ಡಿಗ್ರಿ ಲೆಕ್ಕದಲ್ಲಿ ಬರೀತಾರೆ. ನಿಮ್ಮಲ್ಲಿ ಅದೇ ಹಿಟ್ಟಿಗೆ ಎರಡು ಗಂಟೆ, ಎರಡೂವರೆ ಗಂಟೆ ಹಿಡಿಯೋದು ಸಹಜ. ಆದ್ದರಿಂದ ಗಡಿಯಾರ ಬಿಟ್ಟು ಹಿಟ್ಟು ನೋಡಿ. ನೇರ ಗೋಡೆಯ ಸ್ಟೀಲ್ ಡಬ್ಬಿ ಅಥವಾ ಗಾಜಿನ ಜಾಡಿಯಲ್ಲಿ ಹಾಕಿ, ಹಿಟ್ಟಿನ ಮಟ್ಟಕ್ಕೆ ಒಂದು ರಬ್ಬರ್ ಬ್ಯಾಂಡ್ ಸುತ್ತಿ. ಅಗಲ ಬೋಗುಣಿಯಲ್ಲಿ ಎರಡರಷ್ಟಾಯ್ತಾ ಇಲ್ವಾ ಅನ್ನೋದು ಕಣ್ಣಿಗೆ ಗೊತ್ತಾಗಲ್ಲ. ಉಬ್ಬಿದ ಮೇಲೆ ಹಿಟ್ಟು ತಾಗಿಸಿದ ಬೆರಳಲ್ಲಿ ಅರ್ಧ ಇಂಚು ಚುಚ್ಚಿ. ಗುಳಿ ನಿಧಾನಕ್ಕೆ ಅರ್ಧ ಮುಚ್ಚಿದ್ರೆ ಸರಿ. ತಕ್ಷಣ ಪೂರ್ತಿ ಮುಚ್ಚಿದ್ರೆ ಇನ್ನೂ ಬೇಕು. ಮುಚ್ಚದೇ ಸುತ್ತ ಕುಸಿದ್ರೆ ಹೊತ್ತು ಮೀರಿದೆ, ಹುಳಿ ವಾಸನೆಯೂ ಬಂದಿರುತ್ತೆ.

ಬೇಗ ಆಗಬೇಕಾದ್ರೆ ದೊಡ್ಡ ಕುಕ್ಕರ್ ತಳಕ್ಕೆ ಎರಡು ಲೋಟ ಕುದಿಯೋ ನೀರು ಹಾಕಿ, ಸ್ಟ್ಯಾಂಡ್ ಇಟ್ಟು, ಅದರ ಮೇಲೆ ಹಿಟ್ಟಿನ ಡಬ್ಬಿ ಇಟ್ಟು ಮುಚ್ಚಿ. ಒಲೆ ಹಚ್ಚೋದು ಬೇಡ. ಅರ್ಧ ಗಂಟೆಗೊಮ್ಮೆ ನೀರು ಬದಲಿಸಿ. ಸೌದೆಯ ಬಚ್ಚಲೊಲೆ ಇರೋ ಮನೆಯಾದ್ರೆ ಹಂಡೆ ಪಕ್ಕದ ಕಟ್ಟೆಗಿಂತ ಒಳ್ಳೇ ಜಾಗ ಇಲ್ಲ. ಆದ್ರೆ ಡಬ್ಬಿ ಮುಟ್ಟಿದ್ರೆ ಬೆಚ್ಚಗೆ ಅನ್ನಿಸಬೇಕಷ್ಟೆ, ಬಿಸಿ ಅನ್ನಿಸಿದ್ರೆ ದೂರ ಸರಿಸಿ. ಹಿಟ್ಟು 55–60 ಡಿಗ್ರಿ ಮುಟ್ಟಿದ್ರೆ ಯೀಸ್ಟ್ ಸಾಯುತ್ತೆ, ಅದಕ್ಕೂ ಮೊದಲೇ ಹುಳಿ ಹುಳಿ ವಾಸನೆ ಬರುತ್ತೆ.

ಇನ್ನೊಂದು ಮಾತು, ಮಳೆಗಾಲದಲ್ಲಿ ಡಬ್ಬಿಯಲ್ಲಿರೋ ಮೈದಾ ಗಾಳಿಯ ತೇವ ಹೀರಿಕೊಂಡಿರುತ್ತೆ. ನೀರು ಒಂದು ದೊಡ್ಡ ಚಮಚ ಹಿಡಿದಿಟ್ಟು ಕಲಸಿ, ಬೇಕಾದ್ರೆ ಮಾತ್ರ ಸೇರಿಸಿ.

---

ಬಸವನಹಳ್ಳಿ ಬಾಣಲೆ (ಚಿಕ್ಕಮಗಳೂರು):

ಥ್ಯಾಂಕ್ಸ್. ಯೀಸ್ಟ್ ಕಾಳು ದಪ್ಪದ್ದೇ, ನೆನೆಸದೇ ಹಾಕಿದ್ದೆ. ಈಗ ಬೇಯಿಸೋದು ಹೇಳಿ. ವಿಡಿಯೋಗಳಲ್ಲಿ ನಾನ್ ಹಿಂಬದಿಗೆ ನೀರು ಸವರಿ ತವಾನ ಬೋರಲು ಹಿಡೀತಾರೆ. ನಾನು ಹಿಡಿದ್ರೆ ನಾನ್ ಬರ್ನರ್ ಮೇಲೆ ಬಿತ್ತು. ನಾನ್‌ಸ್ಟಿಕ್ ಬಿಟ್ರೆ ದೋಸೆ ಹೆಂಚು ಇದೆ, ಚೆನ್ನಾಗಿ ಪಳಗಿದೆ. ಅದರಲ್ಲಿ ಮಾಡಲಾ?

---

ಒಲೆಮುಂದೆ (ಹಾಸನ):

ದೋಸೆ ಹೆಂಚು ಮಾತ್ರ ಮುಟ್ಟಬೇಡಿ! ಪಳಗಿದ ಹೆಂಚು ಅಂದ್ರೆ ಎಣ್ಣೆ ಕುಡಿದು ಅಂಟದ ಹಾಗೆ ಆಗಿರೋ ಹೆಂಚು. ನಾನ್‌ಗೆ ಬೇಕಾದ್ದು ಅದಕ್ಕೆ ತದ್ವಿರುದ್ಧ, ಅಂಟಿಕೊಳ್ಳೋ ಹೆಂಚು. ಅಲ್ಲಿ ನಾನ್ ನಿಲ್ಲಲ್ಲ. ನಿಂತ್ರೂ ಬೋರಲು ಹಾಕಿ ಕಾಯಿಸಿ, ಕೆರೆದು ತೆಗೆಯೋಷ್ಟರಲ್ಲಿ ಪಳಗಿದ್ದು ಹೋಗಿ, ಮಾರನೇ ದಿನ ದೋಸೆ ಏಳಲ್ಲ. ನಾನ್‌ಸ್ಟಿಕ್ಕೂ ಅದೇ ಕಾರಣಕ್ಕೆ ಬೇಡ. ಜೊತೆಗೆ ಆ ಲೇಪನಕ್ಕೆ 260 ಡಿಗ್ರಿ ಮೇಲೆ ಬಿಸಿ ತಡೆಯಲ್ಲ, ಹೊಗೆ ಒಳ್ಳೇದಲ್ಲ.

ಚಪಾತಿ ಮಾಡೋ ಸಾದಾ ಕಬ್ಬಿಣದ ತವಾ, ದಪ್ಪ ತಳದ್ದು, ಹಿಡಿ ಗಟ್ಟಿಯಾಗಿರೋದು ಸಾಕು. ಸಂತೆಯಲ್ಲಿ ತೂಕಕ್ಕೆ ಕೊಡೋ ಭಾರದ ತವಾ ಆದ್ರೆ ಇನ್ನೂ ವಾಸಿ. ತೆಳ್ಳನೆಯದು ಹಸಿ ಹಿಟ್ಟು ಬಿದ್ದ ಕೂಡಲೇ ತಣ್ಣಗಾಗುತ್ತೆ. ಎಣ್ಣೆ ಜಿಡ್ಡಿದ್ರೆ ಸೋಪು ಹಾಕಿ ತಿಕ್ಕಿ ತೊಳೆದು ಒಣಗಿಸಿ.

ಬೇಯಿಸೋದರ ಗುಟ್ಟು ಕಾವು ಮತ್ತು ಹೊತ್ತು. ತಂದೂರಿನ ಗೋಡೆ 400 ಡಿಗ್ರಿ ದಾಟಿರುತ್ತೆ, ನಾನ್ ಅಲ್ಲಿ ಒಂದು, ಒಂದೂವರೆ ನಿಮಿಷ ಇರುತ್ತೆ ಅಷ್ಟೆ. ಹಿಟ್ಟಿನೊಳಗಿನ ನೀರು ಒಮ್ಮೆಲೇ ಹಬೆಯಾಗಿ ಉಬ್ಬಿಸುತ್ತೆ, ಹೊರಗೆ ಹೋಗೋಕೆ ಪುರುಸೊತ್ತು ಸಿಗೋದಕ್ಕೆ ಮೊದಲೇ ಮೈ ಕಟ್ಟಿ ಕೆಂಪಾಗಿರುತ್ತೆ. ಮಧ್ಯಮ ಉರಿಯಲ್ಲಿ ನಾಲ್ಕು ನಿಮಿಷ ಇಟ್ರೆ ಅದು ಬೇಯೋದಲ್ಲ, ಒಣಗೋದು. ತಕ್ಕಡಿ ಇದ್ರೆ ಪರೀಕ್ಷೆ ಮಾಡಿ: 90 ಗ್ರಾಂ ಉಂಡೆ ಬೆಂದ ಮೇಲೆ 80 ಗ್ರಾಂ ಆಸುಪಾಸು ಇರಬೇಕು. 70ರ ಹತ್ತಿರ ಇಳಿದಿದ್ರೆ ಅದೇ ನಿಮ್ಮ ಚಕ್ಕಳ.

ಉಬ್ಬಿದ ಹಿಟ್ಟನ್ನ ಆರು ಉಂಡೆ ಮಾಡಿ, ಮುಚ್ಚಿ 15 ನಿಮಿಷ ಬಿಡಿ. ಲಟ್ಟಿಸುವಾಗ ರಬ್ಬರಿನ ಹಾಗೆ ಹಿಂದಕ್ಕೆ ಎಳೆದ್ರೆ ಜಗಳ ಆಡ್ಬೇಡಿ, ಇನ್ನೂ ಐದು ನಿಮಿಷ ಬಿಡಿ. ಮಣೆಗೆ ಒಣ ಮೈದಾ ಬದಲು ಎಣ್ಣೆ ಸವರಿ ಕೈಯಲ್ಲೇ ತಟ್ಟಿ, ಅಕ್ಕಿ ರೊಟ್ಟಿ ತಟ್ಟಿದ ಕೈಗೆ ಇದೇನು ಕಷ್ಟ ಅಲ್ಲ. ಆದ್ರೆ ತವಾಕ್ಕೆ ಅಂಟೋ ಬದಿಗೆ ಎಣ್ಣೆ ಹತ್ತಬಾರದು. ಅದಕ್ಕೆ ಲಟ್ಟಣಿಗೆಯೇ ಬೇಕೆನ್ನೋರು ಚಿಟಿಕೆ ಮೈದಾ ಉದುರಿಸಿ ಲಟ್ಟಿಸಿ, ಆಮೇಲೆ ಎರಡೂ ಬದಿ ಬಟ್ಟೆಯಲ್ಲಿ ಒರೆಸಿ. ದಪ್ಪ 4–5 ಮಿಲಿಮೀಟರ್. ಚಪಾತಿಯಷ್ಟು ತೆಳ್ಳಗೆ ಮಾಡಿದ್ರೆ ಎಂಥಾ ಹಿಟ್ಟಾದ್ರೂ ಹಪ್ಪಳವೇ. ಕೊನೆಗೆ ಒಂದು ಅಂಚು ಹಿಡಿದು ಎಳೆದ್ರೆ ಉದ್ದ ಆಕಾರ ಬರುತ್ತೆ.

ತವಾನ ದೊಡ್ಡ ಬರ್ನರ್‌ನಲ್ಲಿ ಜೋರು ಉರಿಗೆ 4–5 ನಿಮಿಷ ಕಾಯಿಸಿ. ನೀರು ಚಿಮುಕಿಸಿದ್ರೆ ಚುರ್ ಅಂತ ಆರಿಹೋದ್ರೆ ಇನ್ನೂ ಸಾಲದು. ಹನಿಗಳು ಮುತ್ತಿನ ಹಾಗೆ ಉರುಳಾಡಿದ್ರೆ 200 ಡಿಗ್ರಿ ದಾಟಿದೆ. ನಾನ್‌ನ ಒಂದು ಬದಿಗೆ ಅಂಗೈಯಲ್ಲಿ ನೀರು ಧಾರಾಳವಾಗಿ ಸವರಿ, ಅಂಚು ಬಿಡಬೇಡಿ. ಆ ಬದಿ ಕೆಳಗೆ ಮಾಡಿ ತವಾ ಮೇಲೆ ಹಾಕಿ, ಅಂಚನ್ನ ಬಟ್ಟೆಯಲ್ಲಿ ಮೆಲ್ಲಗೆ ಒತ್ತಿ. 25–30 ಸೆಕೆಂಡಿಗೆ ಮೇಲೆಲ್ಲ ಗುಳ್ಳೆ ಏಳುತ್ತೆ. ಆಗ ತವಾನ ಬೋರಲು ಮಾಡಿ ಉರಿಗಿಂತ ಎರಡು ಮೂರು ಇಂಚು ಮೇಲೆ ಹಿಡಿದು, ನಿಲ್ಲಿಸದೆ ಸುತ್ತಾಡಿಸಿ. 30–40 ಸೆಕೆಂಡಿಗೆ ಗುಳ್ಳೆಗಳ ನೆತ್ತಿ ಕಪ್ಪು ಚುಕ್ಕೆ ಕಟ್ಟುತ್ತೆ. ವಾಪಸ್ ಇಟ್ಟು ಮಗುಚುವ ಕೈಯಿಂದ ಅಂಚಿನಿಂದ ಬಿಡಿಸಿ. ತಳ ಚಿನ್ನದ ಬಣ್ಣ ಇರುತ್ತೆ, ಮತ್ತೆ ಬೇಯಿಸಬೇಡಿ.

ನಿಮ್ಮದು ಬಿದ್ದದ್ದು ನಾನ್‌ಸ್ಟಿಕ್‌ನಿಂದ. ಕಬ್ಬಿಣದಲ್ಲೂ ಬಿದ್ರೆ ತವಾ ಸಾಕಷ್ಟು ಕಾದಿಲ್ಲ ಅಥವಾ ತಳಕ್ಕೆ ಒಣ ಮೈದಾ ಮೆತ್ತಿಕೊಂಡಿದೆ. ಮೊದಲನೇದು ಪೆಚ್ಚಗೆ, ಮೂರನೇದು ಕರಕಲು ಆಗೋದೂ ಮಾಮೂಲು. ಬೋರಲು ಹಿಡಿದಾಗ ತವಾನೂ ಕಾಯ್ತಾ ಇರುತ್ತೆ. ಎರಡು ನಾನ್‌ಗೊಮ್ಮೆ ಉರಿ ತಗ್ಗಿಸಿ ಅರ್ಧ ನಿಮಿಷ ಬಿಡಿ, ಉಳಿದ ಹಿಟ್ಟಿನ ಪುಡಿ ಒಣ ಬಟ್ಟೆಯಲ್ಲಿ ಒರೆಸಿ. ಇಲ್ಲದಿದ್ರೆ ಸುಟ್ಟು ಮುಂದಿನ ನಾನ್‌ಗೆ ಕಹಿ ಹತ್ತುತ್ತೆ.

---

ಅರಸೀಕೆರೆ ಸಂತೆ:

ಕುಕ್ಕರ್ ವಿಧಾನ ಇದಕ್ಕಿಂತ ಸುಲಭ. ಖಾಲಿ ಕುಕ್ಕರ್ ಬೋರಲು ಕಾಯಿಸಿ ಒಳಗೋಡೆಗೆ ನಾಲ್ಕು ನಾನ್ ಒಟ್ಟಿಗೆ ಅಂಟಿಸಬಹುದು. ಮತ್ತೆ ನಮ್ಮ ಕಡೆ ಒಣ ಹವೆ, ಬೇಸಿಗೆಯಲ್ಲಿ ಆ ನೀರಿನ ಅಳತೆ ಸಾಲಲ್ಲ, ಎರಡು ಚಮಚ ಜಾಸ್ತಿ ಬೇಕು.

---

ಒಲೆಮುಂದೆ (ಹಾಸನ):

ನೀರಿನ ಮಾತು ಒಪ್ಪಿದೆ. ಕುಕ್ಕರ್ ಮಾತು ಬೇಡ ಸರ್. ಅಲ್ಯೂಮಿನಿಯಂ ಕುಕ್ಕರನ್ನ ಖಾಲಿ ಕಾಯಿಸಿದ್ರೆ ತಳ ಸೊಟ್ಟಗಾಗುತ್ತೆ, ಬಾಯಿ ಸ್ವಲ್ಪ ಬಾಗಿದ್ರೂ ಆಮೇಲೆ ಗ್ಯಾಸ್ಕೆಟ್ ಕೂರಲ್ಲ, ಅನ್ನಕ್ಕೂ ಬೇಳೆಗೂ ಹೊಸ ಕುಕ್ಕರ್ ತರಬೇಕು. ಬೇಕೇ ಬೇಕಂದ್ರೆ ಹಳೇ ಕಬ್ಬಿಣದ ಬಾಣಲೆ ಬಳಸಿ. ಇಂಡಕ್ಷನ್ ಮಾತ್ರ ಇರೋರಿಗೆ ಬೋರಲು ಹಿಡಿಯೋ ಪ್ರಶ್ನೆಯೇ ಇಲ್ಲ. ಕಬ್ಬಿಣದ ತವಾನ ಚೆನ್ನಾಗಿ ಕಾಯಿಸಿ, ನೀರು ಸವರದೆ ನಾನ್ ಹಾಕಿ, ಮುಚ್ಚಳ ಮುಚ್ಚಿ 45 ಸೆಕೆಂಡ್, ತಿರುವಿ ಹಾಕಿ ಮುಚ್ಚಳ ಇಲ್ಲದೆ 40 ಸೆಕೆಂಡ್. ಮೃದು ಬರುತ್ತೆ, ಸುಟ್ಟ ಘಮ ಬರಲ್ಲ.

---

ಕಣಕದ ಹದ (ಹಾಸನ):

ಇಳಿಸಿದ ಮೇಲಿನ ಐದು ನಿಮಿಷವೂ ಅಷ್ಟೇ ಮುಖ್ಯ. ತವಾದಿಂದ ತೆಗೆದ ಕೂಡಲೇ ಬೆಣ್ಣೆ ಅಥವಾ ತುಪ್ಪ ಸವರಿ, ದಪ್ಪ ಹತ್ತಿ ಬಟ್ಟೆಯಲ್ಲಿ ಒಂದರ ಮೇಲೊಂದು ಸುತ್ತಿ, ಬಟ್ಟೆ ಸಮೇತ ಹಾಟ್‌ಬಾಕ್ಸ್‌ಗೆ ಹಾಕಿ. ಬರೀ ಸ್ಟೀಲ್ ಡಬ್ಬಿಗೆ ಹಾಕಿದ್ರೆ ಹಬೆ ಇಳಿದು ತಳದ್ದು ಒದ್ದೆ ಮುದ್ದೆ ಆಗುತ್ತೆ. ತಟ್ಟೆಯಲ್ಲಿ ಬಿಚ್ಚಿಟ್ರೆ ಮೇಲ್ಮೈ ಒಣಗುತ್ತೆ. ಬೆಳ್ಳುಳ್ಳಿಯನ್ನ ಹಿಟ್ಟಿನ ಮೇಲೆ ಒತ್ತಿ ಬೋರಲು ಹಿಡಿದ್ರೆ ಸುಟ್ಟು ಕಹಿಯಾಗುತ್ತೆ, ಬೆಣ್ಣೆಯಲ್ಲಿ ಬಾಡಿಸಿ ಕೊನೆಗೆ ಸವರಿ.

ಉಳಿದ ನಾನ್ ಫ್ರಿಜ್‌ನಲ್ಲಿ ಇಡಬೇಡಿ. ತಣ್ಣಗಾದ ಮೈದಾದ ಪಿಷ್ಟ ಮತ್ತೆ ಬಿಗಿಯಾಗೋದು ಫ್ರಿಜ್‌ನ ಚಳಿಯಲ್ಲೇ ಎಲ್ಲಕ್ಕಿಂತ ಬೇಗ. ಅದೇ ದಿನ ತಿನ್ನೋದಾದ್ರೆ ಹೊರಗೇ ಬಟ್ಟೆಯಲ್ಲಿರಲಿ, ಇಲ್ಲದಿದ್ರೆ ಫ್ರೀಜರ್. ಮತ್ತೆ ಬಿಸಿ ಮಾಡುವಾಗ ಎರಡೂ ಬದಿ ಕೈಯಲ್ಲಿ ನೀರು ತಟ್ಟಿ, ಕಾದ ತವಾದಲ್ಲಿ ಮುಚ್ಚಳ ಮುಚ್ಚಿ 20–30 ಸೆಕೆಂಡ್.

ಗೋಧಿ ಹಿಟ್ಟಲ್ಲಿ ಆಗುತ್ತಾ ಅಂತ ಯಾರಾದ್ರೂ ಕೇಳೇ ಕೇಳ್ತಾರೆ: ಆಗುತ್ತೆ, ಆದ್ರೆ ಅರ್ಧ ಮೈದಾ ಇರಲಿ, ನೀರು ಶೇ. 70ಕ್ಕೆ ಏರಿಸಿ, ಕಲಸಿ ಅರ್ಧ ಗಂಟೆ ಬಿಟ್ಟು ನಾದಿ. ಗೋಧಿಯ ಹೊಟ್ಟು ಅಂಟಿನ ಎಳೆ ಕತ್ತರಿಸುತ್ತೆ, ಅಷ್ಟೇ ಉಬ್ಬು ನಿರೀಕ್ಷೆ ಮಾಡ್ಬೇಡಿ.

---

ಬಸವನಹಳ್ಳಿ ಬಾಣಲೆ (ಚಿಕ್ಕಮಗಳೂರು):

ಕಬ್ಬಿಣದ ತವಾ, ಕಡಿಮೆ ಮೊಸರು, ನೆನೆಸಿದ ಯೀಸ್ಟ್, ಸೋಡಾ ಇಲ್ಲ. ಬರೆದುಕೊಂಡೆ. ಕೊನೇ ಪ್ರಶ್ನೆ: ಭಾನುವಾರ ಮಧ್ಯಾಹ್ನಕ್ಕೆ 12 ನಾನ್ ಬೇಕು. ಶನಿವಾರ ರಾತ್ರಿಯೇ ಹಿಟ್ಟು ಕಲಸಿಡಬಹುದಾ?

---

ಮಂಜರಾಬಾದ್ ಮಳೆ (ಸಕಲೇಶಪುರ):

ಇಡಬಹುದು, ರುಚಿಯೂ ಹೆಚ್ಚುತ್ತೆ. ಎಲ್ಲ ಅಳತೆ ಎರಡು ಪಟ್ಟು, ಯೀಸ್ಟ್ ಮಾತ್ರ ಅರ್ಧ ಟೀ ಚಮಚ ಸಾಕು. ತಣ್ಣೀರಲ್ಲೇ ಕಲಸಿ, ದಪ್ಪ ಕಾಳಿನ ಯೀಸ್ಟ್ ಆದ್ದರಿಂದ ಅದನ್ನ ನೆನೆಸೋ ಎರಡು ಚಮಚ ನೀರು ಮಾತ್ರ ಬೆಚ್ಚಗಿರಲಿ. ನಾದಿ, ಅರ್ಧ ಗಂಟೆ ಹೊರಗೆ ಬಿಟ್ಟು, ಎಣ್ಣೆ ಸವರಿದ ಡಬ್ಬಿಗೆ ಹಾಕಿ ಫ್ರಿಜ್‌ಗೆ. ಡಬ್ಬಿ ಹಿಟ್ಟಿಗಿಂತ ಮೂರು ಪಟ್ಟು ದೊಡ್ಡದಿರಲಿ, ಇಲ್ಲದಿದ್ರೆ ಬೆಳಿಗ್ಗೆ ಮುಚ್ಚಳ ಎದ್ದಿರುತ್ತೆ. ಭಾನುವಾರ ತಿನ್ನೋ ಹೊತ್ತಿಗೆ ಎರಡೂವರೆ ಗಂಟೆ ಮುಂಚೆ ಹೊರಗೆ ತೆಗೆದು ಉಂಡೆ ಕಟ್ಟಿ ಮುಚ್ಚಿಡಿ. ತಣ್ಣನೆ ಹಿಟ್ಟನ್ನ ಹಾಗೇ ಲಟ್ಟಿಸಿದ್ರೆ ಹರಿಯುತ್ತೆ, ಬೇಯಿಸಿದ್ರೆ ನಡುವೆ ಹಸಿ ಉಳಿಯುತ್ತೆ.

ರಾತ್ರಿ ಮಳೆಗೆ ಕರೆಂಟ್ ಹೋದ್ರೆ ಫ್ರಿಜ್ ಬಾಗಿಲು ತೆಗೀಬೇಡಿ, ಮೂರು ನಾಲ್ಕು ಗಂಟೆ ತಡೆಯುತ್ತೆ. ಅದಕ್ಕೂ ಹೆಚ್ಚು ಹೊತ್ತು ಹೋಗಿ ಹಿಟ್ಟು ಆಗಲೇ ಉಬ್ಬಿ ನಿಂತಿದ್ರೆ ಒಮ್ಮೆ ಗುದ್ದಿ ಗಾಳಿ ಇಳಿಸಿ ಮತ್ತೆ ಇಡಿ. ಬೆಳಿಗ್ಗೆ ಮೂಗಿಗೆ ಹುಳಿ ಹೊಡೆದ್ರೆ ನಾನ್ ಬೇಡ, ಎಣ್ಣೆಯಲ್ಲಿ ಬನ್ಸ್ ಥರ ಕರಿದುಬಿಡಿ.